ಜಾಯಿಂಟ್ ಯಾವಾಗ, ಕನ್‌ಸ್ಟ್ರೇಂಟ್ ಯಾವಾಗ: ಕ್ಯಾಡ್‌ನಲ್ಲಿ ಬಿಡಿಭಾಗಗಳನ್ನು ಜೋಡಿಸುವ ದಾರಿಗಳ ಹೋಲಿಕೆ

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ತಂತ್ರಾಂಶದಲ್ಲಿ, ಬಿಡಿಭಾಗಗಳನ್ನು ಒಂದೊಂದಾಗಿ ಬರೆಯುವುದನ್ನು ಚೆನ್ನಾಗಿ ಕಲಿತವರೂ ಅವನ್ನು ಒಟ್ಟುಗೂಡಿಸುವ ಹಂತಕ್ಕೆ ಬಂದಾಗ ತಡವರಿಸುತ್ತಾರೆ. ಭಾಗವನ್ನು ಎಳೆದು ತಂದು ಅದರ ಜಾಗದಲ್ಲಿ ಕೂರಿಸಿದರೆ ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದರೆ ಎಲ್ಲೋ ಒಂದು ಅಳತೆಯನ್ನು ಬದಲಿಸಿದೊಡನೆ ಪೆಟ್ಟಿಗೆ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ ಉಳಿದುಬಿಡುತ್ತದೆ. ಕೂರಿಸುವುದು ಬೇರೆ, ಜೋಡಿಸುವುದು ಬೇರೆ. ಕೂರಿಸಿದ ಭಾಗಕ್ಕೆ ತಾನಿರುವ ಜಾಗ ಮಾತ್ರ ಗೊತ್ತು. ಜೋಡಿಸಿದ ಭಾಗಕ್ಕೆ ತಾನು ಯಾವುದಕ್ಕೆ ಸೇರಿದ್ದೇನೆ, ಸೇರಿದ ಮೇಲೂ ಯಾವ ದಿಕ್ಕಿನಲ್ಲಿ ಅಲುಗಾಡಬಹುದು ಎಂಬುದೂ ಗೊತ್ತು.

ಈ ಜೋಡಣೆಗೆ ಇಂದಿನ ತಂತ್ರಾಂಶಗಳಲ್ಲಿ ಎರಡು ಮುಖ್ಯ ದಾರಿಗಳಿವೆ. ಒಂದನ್ನು ಕನ್‌ಸ್ಟ್ರೇಂಟ್ ಅಥವಾ ಮೇಟ್ ಎನ್ನುತ್ತಾರೆ, ಇನ್ನೊಂದನ್ನು ಜಾಯಿಂಟ್ ಎನ್ನುತ್ತಾರೆ. ಹೆಸರನ್ನಷ್ಟೇ ನಂಬಿಕೊಂಡರೆ ಗೊಂದಲವಾಗುವುದು ಖಂಡಿತ, ಏಕೆಂದರೆ ಆನ್‌ಶೇಪ್ ಎಂಬ ತಂತ್ರಾಂಶದಲ್ಲಿ ಮೇಟ್ ಎಂದು ಕರೆಯುವುದು ನಡತೆಯಲ್ಲಿ ಜಾಯಿಂಟೇ ಆಗಿದೆ, ಸಾಲಿಡ್‌ವರ್ಕ್ಸ್ ಎಂಬ ಇನ್ನೊಂದರಲ್ಲಿ ಅದೇ ಹೆಸರಿನಿಂದ ಕರೆಯುವುದು ಬಹುಮಟ್ಟಿಗೆ ಕನ್‌ಸ್ಟ್ರೇಂಟ್ ಆಗಿದೆ. ಆದ್ದರಿಂದ ಹೆಸರನ್ನು ಬದಿಗಿಟ್ಟು, ಎರಡೂ ಕ್ರಮಗಳು ಒಳಗೆ ಏನು ಮಾಡುತ್ತವೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು.

ಕಳೆಯುವ ಕ್ರಮ ಮತ್ತು ಉಳಿಸುವ ಕ್ರಮ

ಯಾವುದಕ್ಕೂ ಸೇರದೆ ತೇಲುತ್ತಿರುವ ಭಾಗಕ್ಕೆ 6 ಬಗೆಯ ಚಲನೆ ಸಾಧ್ಯ: ಮೂರು ಅಕ್ಷಗಳ ಉದ್ದಕ್ಕೂ ಸರಿಯುವುದು, ಅದೇ ಮೂರು ಅಕ್ಷಗಳ ಸುತ್ತ ತಿರುಗುವುದು. ಇವನ್ನು ಸ್ವಾತಂತ್ರ್ಯದ ಮಟ್ಟಗಳು ಎನ್ನುತ್ತೇವೆ. ಕನ್‌ಸ್ಟ್ರೇಂಟ್ ಎಂದರೆ ಈ ಆರರಿಂದ ಒಂದಿಷ್ಟನ್ನು ಕಳೆಯುವ ಕ್ರಮ. ಒಂದು ಸಮತಟ್ಟಾದ ಮುಖವನ್ನು ಇನ್ನೊಂದರ ಮೇಲೆ ಕೂರಿಸಿದರೆ 3 ಹೋಗುತ್ತವೆ. ಒಂದು ರಂಧ್ರದ ಅಕ್ಷವನ್ನು ಗೂಟದ ಅಕ್ಷಕ್ಕೆ ಸೇರಿಸಿದರೆ 4 ಹೋಗುತ್ತವೆ. ಬಾಗಿಲ ಕೀಲನ್ನು ಈ ಕ್ರಮದಲ್ಲಿ ಕಟ್ಟಬೇಕಾದರೆ ಅಕ್ಷಕ್ಕೆ ಅಕ್ಷ ಸೇರಿಸಿ, ಆಮೇಲೆ ಪಕ್ಕದ ಮುಖಕ್ಕೆ ಮುಖ ಸೇರಿಸಬೇಕು. ಲೆಕ್ಕದಲ್ಲಿ 4 ಮತ್ತು 3 ಸೇರಿ 7 ಆಗುತ್ತದೆ, ಆದರೆ ಇರುವುದೇ 6, ಅದರಲ್ಲೂ ಕೀಲಿಗೆ ಒಂದು ತಿರುಗುವಿಕೆ ಉಳಿದೇ ಇದೆ. ಎರಡೂ ಕನ್‌ಸ್ಟ್ರೇಂಟ್‌ಗಳು ಓರೆಯಾಗುವ ಎರಡು ಬಗೆಗಳನ್ನು ಪ್ರತ್ಯೇಕವಾಗಿ ತಡೆಯುತ್ತಿರುವುದರಿಂದ ಆ 2 ಎರಡು ಸಲ ಎಣಿಕೆಗೆ ಬಂದಿವೆ. ಮುಖವು ಅಕ್ಷಕ್ಕೆ ನಿಜವಾಗಿಯೂ ಲಂಬವಾಗಿದ್ದರೆ ತಂತ್ರಾಂಶ ಇದನ್ನು ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಇಲ್ಲವಾದರೆ ಕೆಂಪು ಗುರುತು ಕಾಣಿಸುತ್ತದೆ.

ಜಾಯಿಂಟ್ ಇದನ್ನೇ ಇನ್ನೊಂದು ತುದಿಯಿಂದ ಹಿಡಿಯುತ್ತದೆ. ಎರಡು ಭಾಗಗಳ ಮೇಲೆ ಒಂದೊಂದು ಬಿಂದುವನ್ನು, ಅಂದರೆ ದಿಕ್ಕುಗಳ ಸಮೇತ ಒಂದೊಂದು ಪುಟ್ಟ ಅಕ್ಷವ್ಯೂಹವನ್ನು, ಆರಿಸಿಕೊಡುತ್ತೇವೆ. ಎರಡೂ ಒಂದರ ಮೇಲೊಂದು ಬಂದು ಕೂರುತ್ತವೆ. ಆಮೇಲೆ ಯಾವ ಚಲನೆ ಉಳಿಯಬೇಕು ಎಂದು ಹೇಳುತ್ತೇವೆ. ಕೀಲಿಗೆ ಒಂದೇ ಜಾಯಿಂಟ್ ಸಾಕು, ಉಳಿಯುವುದು 1, ಕಳೆಯುವುದು 5, ಎರಡು ಸಲ ಎಣಿಸುವ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಇದು ಕ್ಯಾಡ್ ಕಂಡುಹಿಡಿದ ಆಲೋಚನೆಯೇನೂ ಅಲ್ಲ. ಯಂತ್ರವನ್ನು ಜೋಡಿಗಳ ಸರಪಳಿಯಾಗಿ ನೋಡಬೇಕು ಎಂಬ ವಿಚಾರವನ್ನು ಜರ್ಮನಿಯ ಫ್ರಾನ್ಜ್ ರೂಲೋ 1875ರಲ್ಲೇ ವ್ಯವಸ್ಥಿತವಾಗಿ ಮಂಡಿಸಿದ್ದರು. ಮೇಲ್ಮೈಗೆ ಮೇಲ್ಮೈ ತಾಗಿಕೊಂಡು ಚಲಿಸುವ ಜೋಡಿಗಳು ಆರು ಎಂದು ಯಂತ್ರಶಾಸ್ತ್ರದ ಪಾಠಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ: ತಿರುಗುವುದು, ಸರಿಯುವುದು, ತಿರುಪು, ಉರುಳೆ, ಸಮತಲ, ಗೋಳ. ಫ್ಯೂಷನ್ ಎಂಬ ಕ್ಯಾಡ್ ತಂತ್ರಾಂಶದ ಪಟ್ಟಿಯಲ್ಲಿರುವ ಏಳು ಜಾಯಿಂಟ್‌ಗಳಲ್ಲಿ ಐದು ಇವೇ. ತಿರುಪಿನ ಜೋಡಿ ಮಾತ್ರ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಅದಕ್ಕೆ ಬೇರೆ ಉಪಾಯವಿದೆ, ಮುಂದೆ ಬರುತ್ತದೆ.

ಎರಡರಲ್ಲಿ ಯಾವುದನ್ನು ಆರಿಸಬೇಕು

ಚಲಿಸುವ ಯಂತ್ರವಾಗಿದ್ದರೆ ಜಾಯಿಂಟನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾರಣ ವೇಗವಲ್ಲ, ಓದುವ ಸುಲಭ. ಆರು ತಿಂಗಳ ನಂತರ ಅದೇ ಕಡತವನ್ನು ತೆರೆದಾಗ, ಪಟ್ಟಿಯಲ್ಲಿ ‘ರೆವಲ್ಯೂಟ್’ ಎಂದಿದ್ದರೆ ಇಲ್ಲಿ ಏನೋ ತಿರುಗುತ್ತದೆ ಎಂದು ಕಣ್ಣಿಗೆ ಬಿದ್ದ ಕೂಡಲೇ ತಿಳಿಯುತ್ತದೆ. ಅದೇ ಜಾಗದಲ್ಲಿ ‘ಕೋಇನ್ಸಿಡೆಂಟ್ 17, ಕಾನ್ಸೆಂಟ್ರಿಕ್ 9’ (ಮುಖಕ್ಕೆ ಮುಖ, ಅಕ್ಷಕ್ಕೆ ಅಕ್ಷ ಸೇರಿಸುವ ಕನ್‌ಸ್ಟ್ರೇಂಟ್‌ಗಳು) ಎಂದಿದ್ದರೆ ಯಾವುದು ಯಾವುದರ ಜೊತೆ ಸೇರಿ ಯಾವ ಚಲನೆಯನ್ನು ಉಳಿಸಿದೆ ಎಂದು ಕೂಡಿಸಿ ಕಳೆದು ನೋಡಬೇಕಾಗುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಕೂಡ ಹಿಂಜ್ ಮೇಟ್ ಎಂಬುದನ್ನು ಪ್ರತ್ಯೇಕವಾಗಿ ಇಟ್ಟಿರುವುದು ಇದೇ ಕಾರಣಕ್ಕೆ ಎನ್ನಬಹುದು. ಅದು ಅಕ್ಷದ ಮತ್ತು ಮುಖದ ಎರಡು ಮೇಟ್‌ಗಳನ್ನು ಒಂದೇ ಹೆಸರಿನಡಿ ಸೇರಿಸುತ್ತದೆ. ಇನ್ವೆಂಟರ್ ತಂತ್ರಾಂಶದ ಇನ್ಸರ್ಟ್ ಕನ್‌ಸ್ಟ್ರೇಂಟ್ ಮಾಡುವುದೂ ಅದನ್ನೇ, ಬೋಲ್ಟನ್ನು ರಂಧ್ರದಲ್ಲಿ ಕೂರಿಸಿ ತಿರುಗುವಿಕೆಯೊಂದನ್ನು ಬಿಟ್ಟುಕೊಡುತ್ತದೆ.

ಆದರೆ ಕನ್‌ಸ್ಟ್ರೇಂಟ್ ಗೆಲ್ಲುವ ಸಂದರ್ಭಗಳೂ ಇವೆ. ಒಂದು ಭಾಗದ ಸ್ಥಾನವು ಒಂದೇ ಬಿಂದುವಿನಿಂದ ಅಲ್ಲದೆ, ಬೇರೆ ಬೇರೆ ಭಾಗಗಳ ಮುಖಗಳಿಂದ ನಿರ್ಧಾರವಾಗುವಾಗ, ಉದಾಹರಣೆಗೆ ಒಂದು ಹಲಗೆ ಕೆಳಗಿನ ತಟ್ಟೆಯ ಮೇಲೆ ಕೂತಿರಬೇಕು, ಎಡಗೋಡೆಗೆ ತಾಗಿರಬೇಕು, ಹಿಂದಿನ ಅಂಚಿನಿಂದ 12 ಮಿ.ಮೀ. ದೂರವಿರಬೇಕು ಎಂದಾಗ, ಮೂರು ಕನ್‌ಸ್ಟ್ರೇಂಟ್‌ಗಳು ಆ ಮೂರು ಮಾತನ್ನು ಇದ್ದಂತೆಯೇ ದಾಖಲಿಸುತ್ತವೆ. ಜಾಯಿಂಟ್‌ನಲ್ಲಿ ಅದನ್ನೇ ಹೇಳಬೇಕಾದರೆ ಒಂದು ಮೂಲೆಯನ್ನು ಹುಡುಕಿ, ಅಲ್ಲಿಂದ ಅಂತರದ ಸಂಖ್ಯೆಗಳನ್ನು ತುಂಬಬೇಕು, ಆ ಸಂಖ್ಯೆ ಏಕೆ ಬಂತು ಎಂಬುದು ಮರೆತುಹೋಗುತ್ತದೆ. ಕ್ಯಾಮ್‌ನ, ಅಂದರೆ ತಿರುಗುತ್ತಾ ಇನ್ನೊಂದು ಭಾಗವನ್ನು ತಳ್ಳುವ ಏರುತಗ್ಗಿನ ಚಕ್ರದ, ಮೇಲೆ ಉರುಳುವ ರೋಲರ್‌ನಂಥ ಕಡೆ ತಾಗುವ ಬಿಂದುವೇ ಜಾಗ ಬದಲಿಸುತ್ತಿರುವುದರಿಂದ ಅಲ್ಲಿ ಸ್ಪರ್ಶಕದ ಕನ್‌ಸ್ಟ್ರೇಂಟ್ ಬೇಕೇ ಬೇಕು.

ಇನ್ನೊಂದು ವಿಷಯವನ್ನು ಜಾಯಿಂಟ್‌ನ ಪರ ವಾದಿಸುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ಎರಡು ರಂಧ್ರಗಳಿರುವ ಒಂದು ಪಟ್ಟಿಯನ್ನು ಎರಡು ರಂಧ್ರಗಳಿರುವ ಇನ್ನೊಂದು ಪಟ್ಟಿಯ ಮೇಲೆ ಕೂರಿಸುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ರಂಧ್ರಗಳ ನಡುವಿನ ಅಂತರ 40 ಮಿ.ಮೀ., ಇನ್ನೊಂದರಲ್ಲಿ ಕೈತಪ್ಪಿ 40.2 ಮಿ.ಮೀ. ಬಿದ್ದಿದೆ. ಎರಡೂ ರಂಧ್ರಗಳಿಗೆ ಅಕ್ಷದ ಕನ್‌ಸ್ಟ್ರೇಂಟ್ ಹಾಕಿದರೆ ಎರಡನೆಯದು ದೋಷ ತೋರಿಸಿ ನಿಲ್ಲುತ್ತದೆ. ಯಾವ ಚಲನೆಯನ್ನೂ ಉಳಿಸದ ರಿಜಿಡ್ ಜಾಯಿಂಟ್ ಆದರೋ ಒಂದು ರಂಧ್ರವನ್ನು ಹಿಡಿದು ಕೂರಿಸಿ ಸುಮ್ಮನಾಗುತ್ತದೆ. ಎರಡನೇ ಬೋಲ್ಟು ಹೋಗುವುದಿಲ್ಲ ಎಂಬುದು ಲೋಹವನ್ನು ಕೊರೆದ ಮೇಲೆ ತಿಳಿಯುತ್ತದೆ. ದೋಷದ ಸಂದೇಶ ಕಿರಿಕಿರಿ ಎನಿಸಿದರೂ ಇಲ್ಲಿ ಅದು ಉಪಕಾರಿ. ಜಾಯಿಂಟ್‌ನಲ್ಲಿ ಕೆಲಸ ಮಾಡುವವರು ಒಂದು ಭಾಗ ಇನ್ನೊಂದರೊಳಗೆ ಹೊಕ್ಕಿದೆಯೇ ಎಂದು ನೋಡುವ ಇಂಟರ್‌ಫಿಯರೆನ್ಸ್ ಪರೀಕ್ಷೆಯನ್ನೂ, ರಂಧ್ರದ ನಡುವೆ ಸೀಳಿ ನೋಡುವ ಸೆಕ್ಷನ್ ನೋಟವನ್ನೂ ಕಡ್ಡಾಯ ಮಾಡಿಕೊಳ್ಳಬೇಕು.

ಜಾಯಿಂಟ್‌ನ ಬಗೆಗಳಲ್ಲಿ ಯಾವುದು

ರಿಜಿಡ್ ಏನನ್ನೂ ಉಳಿಸುವುದಿಲ್ಲ. ರೆವಲ್ಯೂಟ್ ಒಂದು ತಿರುಗುವಿಕೆಯನ್ನು, ಸ್ಲೈಡರ್ ಒಂದು ಸರಿಯುವಿಕೆಯನ್ನು ಉಳಿಸುತ್ತದೆ. ಸಿಲಿಂಡ್ರಿಕಲ್ ಒಂದೇ ಅಕ್ಷದ ಮೇಲೆ ಎರಡನ್ನೂ, ಪಿನ್-ಸ್ಲಾಟ್ ಬೇರೆ ಬೇರೆ ಅಕ್ಷಗಳ ಮೇಲೆ ಎರಡನ್ನೂ ಉಳಿಸುತ್ತದೆ. ಪ್ಲೇನರ್ ಮತ್ತು ಬಾಲ್ ತಲಾ ಮೂರನ್ನು ಉಳಿಸುತ್ತವೆ. ಕೊನೆಯ ಎರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪ್ಲೇನರ್ ಅಪರೂಪಕ್ಕೆ ಬೇಕಾಗುತ್ತದೆ, ಬಾಲ್ ಎಲ್ಲಿ ಬೇಕೆಂಬುದು ಗೋಳಾಕಾರದ ಕೀಲನ್ನು ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ.

ತಪ್ಪುಗಳು ಹೆಚ್ಚಾಗಿ ನಡೆಯುವುದು ರೆವಲ್ಯೂಟ್ ಮತ್ತು ಸಿಲಿಂಡ್ರಿಕಲ್‌ಗಳ ನಡುವೆ. ದುಂಡನೆಯ ಸರಳು ದುಂಡನೆಯ ರಂಧ್ರದಲ್ಲಿ ಕೂತಿದೆ ಎಂದ ಮಾತ್ರಕ್ಕೆ ಅದು ಸಿಲಿಂಡ್ರಿಕಲ್ ಆಗುವುದಿಲ್ಲ. ಅಕ್ಷದ ಉದ್ದಕ್ಕೂ ಜಾರದಂತೆ ಏನಾದರೂ ತಡೆ ಇದೆಯೇ ಎಂಬುದೇ ಪ್ರಶ್ನೆ. ನಾನೇ ಒಮ್ಮೆ ಪುಟ್ಟ ಪೆಟ್ಟಿಗೆಯೊಂದರ ಮುಚ್ಚಳದ ಕೀಲಿಗೆ ಸಿಲಿಂಡ್ರಿಕಲ್ ಹಾಕಿದ್ದೆ, ಜಾರುವಿಕೆಗೆ ಮಿತಿಯನ್ನೂ ಕೊಟ್ಟಿರಲಿಲ್ಲ. ಮುಚ್ಚಳವನ್ನು ಮೌಸಿನಿಂದ ಎಳೆದು ತೆರೆದಾಗ ಅದು ತೆರೆದುಕೊಳ್ಳುವುದರ ಜೊತೆಗೆ 1.5 ಮಿ.ಮೀ. ಪಕ್ಕಕ್ಕೂ ಸರಿದಿತ್ತು, ಕಣ್ಣಿಗೆ ಕಾಣಲಿಲ್ಲ. ಮುಂದಿನ ಆಜ್ಞೆಯನ್ನು ಒತ್ತಿದಾಗ, ಭಾಗಗಳು ಜಾಗ ಬದಲಿಸಿವೆ, ಈ ಸ್ಥಾನವನ್ನೇ ದಾಖಲಿಸಬೇಕೇ ಎಂದು ತಂತ್ರಾಂಶ ಕೇಳಿತು; ಓದದೆಯೇ ಹೌದು ಎಂದೆ. ಆಮೇಲೆ ಮುಚ್ಚಳವನ್ನು ನೋಡಿಕೊಂಡು ಬರೆದ ಚಿಲಕ ಪೆಟ್ಟಿಗೆಯ ಮೇಲೆ ಅಷ್ಟೇ 1.5 ಮಿ.ಮೀ. ಆಚೆ ಹೋಗಿ ಕೂತಿತು. ತಪ್ಪು ಪೂರ್ತಿ ನನ್ನದೇ, ಆದರೆ ರೆವಲ್ಯೂಟ್ ಹಾಕಿದ್ದರೆ ಆ ತಪ್ಪಿಗೆ ಅವಕಾಶವೇ ಇರುತ್ತಿರಲಿಲ್ಲ. ಅನುಮಾನವಿದ್ದಾಗ ಕಡಿಮೆ ಸ್ವಾತಂತ್ರ್ಯ ಕೊಡುವ ಬಗೆಯನ್ನೇ ಮೊದಲು ಹಾಕಿ, ಬೇಕೆನಿಸಿದಾಗ ಬಿಡಿಸುವುದು ವಾಸಿ.

ಸ್ಲೈಡರ್ ಮತ್ತು ಪಿನ್-ಸ್ಲಾಟ್‌ಗಳ ನಡುವಿನ ವ್ಯತ್ಯಾಸವೂ ಹೀಗೆಯೇ. ಡ್ರಾಯರ್ ತನ್ನ ಹಳಿಯ ಮೇಲೆ ಓರೆಯಾಗದೆ ಸರಿಯುತ್ತದೆ, ಅದು ಸ್ಲೈಡರ್. ಉದ್ದನೆಯ ಸೀಳಿನಲ್ಲಿ ಓಡಾಡುವ ಗೂಟ ಸರಿಯುವಾಗಲೇ ತನ್ನ ಅಕ್ಷದ ಸುತ್ತ ತಿರುಗಲೂ ಬೇಕು, ಅದು ಪಿನ್-ಸ್ಲಾಟ್. ಎರಡನೆಯದನ್ನು ಸ್ಲೈಡರ್ ಆಗಿ ಹಾಕಿದರೆ ಆ ಗೂಟಕ್ಕೆ ಸೇರಿದ ತೋಳು ಒಂದೇ ಕೋನದಲ್ಲಿ ಬಿಗಿದುಕೊಂಡು ಇಡೀ ಯಂತ್ರ ಅಲುಗದೆ ನಿಲ್ಲುತ್ತದೆ. ಪಿನ್-ಸ್ಲಾಟ್ ಹಾಕುವಾಗ ತಿರುಗುವ ಅಕ್ಷವೂ ಸರಿಯುವ ಅಕ್ಷವೂ ಸರಿಯಾಗಿ ಆಯ್ಕೆಯಾಗಿವೆಯೇ ಎಂದು ಪೂರ್ವನೋಟದಲ್ಲಿ ಒಮ್ಮೆ ನೋಡಿಕೊಳ್ಳಬೇಕು.

ಜಾಯಿಂಟ್ ಮತ್ತು ಆ್ಯಸ್-ಬಿಲ್ಟ್ ಜಾಯಿಂಟ್

ಫ್ಯೂಷನ್‌ನಲ್ಲಿ ಒಂದೇ ಬಗೆಯ ಚಲನೆಯನ್ನು ಎರಡು ಆಜ್ಞೆಗಳಿಂದ ಕೊಡಬಹುದು. ಜಾಯಿಂಟ್ ಆಜ್ಞೆಯಲ್ಲಿ ಮೊದಲು ಆರಿಸಿದ ಭಾಗ ಎದ್ದು ಬಂದು ಎರಡನೆಯದರ ಬಳಿ ಕೂರುತ್ತದೆ. ಆ್ಯಸ್-ಬಿಲ್ಟ್ ಆಜ್ಞೆಯಲ್ಲಿ ಎರಡೂ ಇದ್ದಲ್ಲೇ ಇರುತ್ತವೆ, ಅವುಗಳ ನಡುವಿನ ಸಂಬಂಧ ಮಾತ್ರ ಬರೆಯಲ್ಪಡುತ್ತದೆ. ಬೇರೆ ಕಡತದಿಂದ ತಂದ ಮೋಟಾರು, ಬೇರಿಂಗು, ಬೋಲ್ಟು ಇವು ಎಲ್ಲೋ ಬಿದ್ದಿರುತ್ತವೆ, ಅವಕ್ಕೆ ಜಾಯಿಂಟ್. ಒಂದೇ ಕಡತದಲ್ಲಿ ಪೆಟ್ಟಿಗೆಯ ಅಳತೆಯನ್ನು ನೋಡಿಕೊಂಡೇ ಮುಚ್ಚಳ ಬರೆದಿದ್ದರೆ ಅದು ಹುಟ್ಟಿದ್ದೇ ಸರಿಯಾದ ಜಾಗದಲ್ಲಿ, ಅದಕ್ಕೆ ಆ್ಯಸ್-ಬಿಲ್ಟ್.

ಇಲ್ಲಿ ತಪ್ಪು ಆಯ್ಕೆ ಮಾಡಿದರೆ ಏನಾಗುತ್ತದೆ? ಜಾಗದಲ್ಲೇ ಇರುವ ಭಾಗಕ್ಕೆ ಜಾಯಿಂಟ್ ಹಾಕಿದಾಗ, ಆರಿಸಿದ ಎರಡು ಬಿಂದುಗಳ ನಡುವೆ ಕೂದಲೆಳೆಯಷ್ಟು ಅಂತರವಿದ್ದರೂ ಭಾಗ ಅಷ್ಟು ಸರಿಯುತ್ತದೆ; ಕೀಲಿನ ಮಗ್ಗುಲಲ್ಲಿ ಬೇಕೆಂದೇ ಬಿಟ್ಟಿದ್ದ 0.2 ಮಿ.ಮೀ. ಸಡಿಲ ಮಾಯವಾಗಿ ಎರಡು ಮುಖಗಳು ತಾಗಿ ನಿಲ್ಲುತ್ತವೆ. ಎಲ್ಲೋ ಬಿದ್ದಿರುವ ಭಾಗಕ್ಕೆ ಆ್ಯಸ್-ಬಿಲ್ಟ್ ಹಾಕಿದರೆ ಅದು ಎಲ್ಲೋ ಬಿದ್ದಿರುವಂತೆಯೇ ಅಂಟಿಕೊಳ್ಳುತ್ತದೆ. ಇದು ಕನಿಷ್ಠಪಕ್ಷ ತಕ್ಷಣ ಕಾಣುತ್ತದೆ. ಎಂದೂ ಅಲುಗದ ಹಲವು ಭಾಗಗಳಿದ್ದರೆ ಎರಡೂ ಬೇಡ, ರಿಜಿಡ್ ಗ್ರೂಪ್‌ನಲ್ಲಿ ಅವನ್ನೆಲ್ಲ ಒಟ್ಟಿಗೆ ಕಟ್ಟಿಹಾಕಿದರೆ ಪಟ್ಟಿಯಲ್ಲಿ ಒಂದೇ ಸಾಲು ಉಳಿಯುತ್ತದೆ. ಇವೆಲ್ಲಕ್ಕೂ ಮೊದಲು ಒಂದು ಮಾತು: ಫ್ಯೂಷನ್‌ನಲ್ಲಿ ಜಾಯಿಂಟ್ ಸೇರಿಸುವುದು ಕಾಂಪೊನೆಂಟ್‌ಗಳನ್ನು (ತಾವಾಗಿ ಚಲಿಸಬಲ್ಲ ಬಿಡಿಭಾಗಗಳನ್ನು), ಬಾಡಿಗಳನ್ನಲ್ಲ (ಅವುಗಳೊಳಗಿನ ಬರಿಯ ಆಕಾರಗಳನ್ನಲ್ಲ). ಒಂದೇ ಕಾಂಪೊನೆಂಟ್‌ನೊಳಗೆ ಮೂರು ಬಾಡಿಗಳನ್ನು ಬರೆದಿಟ್ಟು, ಒಂದು ಚಲಿಸುತ್ತಿಲ್ಲವೇಕೆ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ.

ಹತ್ತಿರದಿಂದ ಒಂದು ವೈಸ್

ಮೇಜಿಗೆ ಬಿಗಿದು, ವಸ್ತುವನ್ನು ದವಡೆಯಲ್ಲಿ ಕಚ್ಚಿ ಹಿಡಿಯಲು ಬಳಸುವ ಸಾದಾ ವೈಸನ್ನು ತೆಗೆದುಕೊಳ್ಳೋಣ. ನಾಲ್ಕು ಭಾಗಗಳು: ಅಲುಗದ ದೇಹ, ಮುಂದೆ ಹಿಂದೆ ಸರಿಯುವ ದವಡೆ, ತಿರುಪು, ತಿರುಪಿನ ತಲೆಯಲ್ಲಿ ಅಡ್ಡಲಾಗಿ ತೂರಿಸಿದ ಹಿಡಿಯ ಸರಳು. ದೇಹವನ್ನು ಗ್ರೌಂಡ್ ಮಾಡಿ ನೆಲೆ ನಿಲ್ಲಿಸುತ್ತೇವೆ. ದೇಹಕ್ಕೂ ದವಡೆಗೂ ಸ್ಲೈಡರ್. ತಿರುಪು ದವಡೆಯಲ್ಲಿ ತಿರುಗುತ್ತದೆ, ಆದರೆ ದವಡೆಯನ್ನು ಬಿಟ್ಟು ಕದಲುವುದಿಲ್ಲ, ಆದ್ದರಿಂದ ಅವೆರಡಕ್ಕೆ ರೆವಲ್ಯೂಟ್. ಹಿಡಿಯ ಸರಳು ತಿರುಪಿನ ತಲೆಯ ರಂಧ್ರದಲ್ಲಿ ಆಚೀಚೆ ಜಾರುತ್ತದೆ, ತನ್ನಷ್ಟಕ್ಕೆ ಉರುಳುತ್ತದೆ ಕೂಡ, ಅದಕ್ಕೆ ಸಿಲಿಂಡ್ರಿಕಲ್, ತುದಿಯ ಗುಂಡುಗಳು ತಲೆಗೆ ತಾಗುವ ಜಾಗಗಳಲ್ಲಿ ಮಿತಿ.

ಇನ್ನು ತಿರುಪಿಗೂ ದೇಹಕ್ಕೂ ಏನು ಹಾಕಬೇಕು? ನಿಜವಾದ ವೈಸಿನಲ್ಲಿ ತಿರುಪು ದೇಹದೊಳಗಿನ ನಟ್ಟಿನ ಮೂಲಕ ಹಾದುಹೋಗುತ್ತದೆ, ಹಾಗಾಗಿ ಅಲ್ಲೂ ಒಂದು ಸಿಲಿಂಡ್ರಿಕಲ್ ಹಾಕಬೇಕೆಂದು ಕೈ ತಾನಾಗಿಯೇ ಹೋಗುತ್ತದೆ. ಲೆಕ್ಕ ಮಾಡಿ ನೋಡಿದರೆ ಅದು ಬೇಡವೆಂದು ತಿಳಿಯುತ್ತದೆ. ಚಲಿಸುವ 3 ಭಾಗಗಳಿಗೆ ಒಟ್ಟು 18 ಸ್ವಾತಂತ್ರ್ಯಗಳು. ಸ್ಲೈಡರ್ 5 ಕಳೆಯುತ್ತದೆ, ರೆವಲ್ಯೂಟ್ 5, ಹಿಡಿಯ ಸಿಲಿಂಡ್ರಿಕಲ್ 4, ಉಳಿಯುವುದು 4. ಅವು ದವಡೆಯ ಸರಿಯುವಿಕೆ, ತಿರುಪಿನ ತಿರುಗುವಿಕೆ, ಹಿಡಿಯ ಎರಡು ಚಲನೆಗಳು, ನಮಗೆ ಬೇಕಾದವೇ. ನಾಲ್ಕನೇ ಜಾಯಿಂಟ್ ಆಗಿ ನಟ್ಟಿನ ಸಿಲಿಂಡ್ರಿಕಲನ್ನೂ ಸೇರಿಸಿದರೆ ಇನ್ನೂ 4 ಕಳೆದು ಲೆಕ್ಕ 0ಗೆ ಬರುತ್ತದೆ, ಅಂದರೆ ಕಾಗದದ ಮೇಲೆ ವೈಸ್ ಅಲುಗಲೇಬಾರದು. ತಿರುಪಿನ ಅಕ್ಷವೂ ನಟ್ಟಿನ ರಂಧ್ರದ ಅಕ್ಷವೂ ಕರಾರುವಾಕ್ಕಾಗಿ ಒಂದೇ ಗೆರೆಯಲ್ಲಿದ್ದು ದವಡೆಯ ದಾರಿಗೆ ಸಮಾನಾಂತರವಾಗಿದ್ದರೆ ತಂತ್ರಾಂಶ ಆ ಹೆಚ್ಚುವರಿ ನಿರ್ಬಂಧಗಳನ್ನು ನುಂಗಿಕೊಂಡು ಅಲುಗಾಡಿಸುತ್ತದೆ. ನಾಳೆ ದೇಹದ ಎತ್ತರವನ್ನು ಬದಲಿಸಿ ನಟ್ಟಿನ ರಂಧ್ರ ಅರ್ಧ ಮಿ.ಮೀ. ಮೇಲೆ ಹೋದರೆ ಜಾಯಿಂಟ್‌ಗಳು ಒಂದಕ್ಕೊಂದು ಹೊಂದದೆ ಎಚ್ಚರಿಕೆ ಬರುತ್ತದೆ.

ನಟ್ಟಿನ ಜಾಯಿಂಟನ್ನು ಕೈಬಿಟ್ಟು, ಅದರ ಬದಲು ಮೋಷನ್ ಲಿಂಕ್ ಮೂಲಕ ಸ್ಲೈಡರ್‌ನ ದೂರವನ್ನು ರೆವಲ್ಯೂಟ್‌ನ ಕೋನಕ್ಕೆ ಕಟ್ಟಿಹಾಕುವುದು ಉತ್ತಮ. ತಿರುಪಿನ ಒಂದು ಸುತ್ತಿಗೆ ದವಡೆ 4 ಮಿ.ಮೀ. ಸರಿಯುತ್ತದಾದರೆ 360 ಡಿಗ್ರಿಗೆ 4 ಮಿ.ಮೀ. ಎಂದು ಕೊಟ್ಟರಾಯಿತು, ದಿಕ್ಕು ತಿರುಗುಮುರುಗಾದರೆ ರಿವರ್ಸ್ ಗುರುತು ಹಾಕಬೇಕು. ಈಗ 4ರಲ್ಲಿ 1 ಹೋಗಿ 3 ಉಳಿಯುತ್ತದೆ, ಹಿಡಿಯನ್ನು ತಿರುಗಿಸಿದರೆ ತಿರುಪೂ ದವಡೆಯೂ ಒಟ್ಟಿಗೆ ನಡೆಯುತ್ತವೆ. ತಿರುಪಿನ ಜೋಡಿಗೆ ಪ್ರತ್ಯೇಕ ಜಾಯಿಂಟ್ ಇಲ್ಲದ ಫ್ಯೂಷನ್‌ನಲ್ಲಿ ಮೋಷನ್ ಲಿಂಕೇ ಆ ಜಾಗವನ್ನು ತುಂಬುತ್ತದೆ. ಆನ್‌ಶೇಪ್‌ನಲ್ಲಿ ಇದೇ ಕೆಲಸಕ್ಕೆ ಸ್ಕ್ರೂ ರಿಲೇಷನ್, ಸಾಲಿಡ್‌ವರ್ಕ್ಸ್‌ನಲ್ಲಿ ಸ್ಕ್ರೂ ಮೇಟ್, ಫ್ರೀಕ್ಯಾಡ್‌ನಲ್ಲಿ ಸ್ಕ್ರೂ ಜಾಯಿಂಟ್ ಇವೆ.

ಈ ಲೆಕ್ಕ ಮುಚ್ಚಿದ ಸರಪಳಿಗಳಲ್ಲಿ, ಅಂದರೆ ಭಾಗಗಳು ಸುತ್ತಿಬಂದು ಮತ್ತೆ ಮೊದಲಿನದಕ್ಕೇ ಸೇರುವಲ್ಲಿ, ಇನ್ನೂ ಮುಖ್ಯವಾಗುತ್ತದೆ. ನಾಲ್ಕು ಕೊಂಡಿಗಳ ಯಂತ್ರವನ್ನು ಯಾರೇ ಬರೆದರೂ ನಾಲ್ಕೂ ಮೂಲೆಗಳಿಗೆ ರೆವಲ್ಯೂಟ್ ಹಾಕುತ್ತಾರೆ. ಚಲಿಸುವ 3 ಕೊಂಡಿಗಳಿಗೆ 18, ನಾಲ್ಕು ರೆವಲ್ಯೂಟ್‌ಗಳು ಕಳೆಯುವುದು 20, ಉಳಿಕೆ ಸೊನ್ನೆಗಿಂತ 2 ಕಡಿಮೆ. ಆದರೂ ಅದು ತಿರುಗುತ್ತದೆ, ಏಕೆಂದರೆ ನಾಲ್ಕೂ ಅಕ್ಷಗಳು ಸಮಾನಾಂತರವಾಗಿವೆ. ಯಾವುದೋ ಒಂದು ಕೊಂಡಿಯ ದಪ್ಪ ಬದಲಾಗಿ ಅದು ಪಕ್ಕದ ಕೊಂಡಿಯ ಮಟ್ಟಕ್ಕೆ ಹೊಂದದಿದ್ದರೆ ನಾಲ್ಕನೆಯ ಜಾಯಿಂಟ್ ಕೂರುವುದೇ ಇಲ್ಲ, ಬಳಕೆದಾರ ಆ ನಾಲ್ಕನೆಯದನ್ನೇ ದೂರುತ್ತಾನೆ. ಎರಡು ಮೂಲೆಗಳನ್ನು ರೆವಲ್ಯೂಟ್ ಆಗಿಯೇ ಬಿಟ್ಟು, ಒಂದನ್ನು ಸಿಲಿಂಡ್ರಿಕಲ್, ಇನ್ನೊಂದನ್ನು ಬಾಲ್ ಮಾಡಿದರೆ ಕಳೆಯುವುದು 17, ಉಳಿಯುವುದು ಸರಿಯಾಗಿ 1. ನೋಡುವವರಿಗೆ ಚಲನೆ ಮೊದಲಿನಂತೆಯೇ ಇರುತ್ತದೆ, ಸಣ್ಣಪುಟ್ಟ ಅಳತೆಯ ಏರುಪೇರಿಗೆ ಜೋಡಣೆ ಮುರಿಯುವುದಿಲ್ಲ. ಆದರೆ ಎರಡು ರಂಧ್ರಗಳ ಪಟ್ಟಿಯ ಬಗ್ಗೆ ಹೇಳಿದ ಎಚ್ಚರಿಕೆ ಇಲ್ಲೂ ಅನ್ವಯಿಸುತ್ತದೆ: ಮುರಿಯದಿರುವುದು ಎಂದರೆ ಸರಿಯಿರುವುದು ಎಂದಲ್ಲ. ಬಲಗಳ ಲೆಕ್ಕಕ್ಕೆ ಕಳುಹಿಸುವ ಮಾದರಿಗಾದರೆ ಎರಡನೆಯ ವಿಧಾನ, ಭಾಗಗಳು ಒಂದಕ್ಕೊಂದು ಕೂರುತ್ತವೆಯೇ ಎಂದು ನೋಡುವ ಮಾದರಿಗಾದರೆ ನಾಲ್ಕೂ ರೆವಲ್ಯೂಟ್ ಎಂದು ನಾನು ಆರಿಸಿಕೊಳ್ಳುತ್ತೇನೆ.

ಮಿತಿ ಹಾಕುವುದೋ, ತಾಗಿಸಿ ನಿಲ್ಲಿಸುವುದೋ

ಮುಚ್ಚಳ 110 ಡಿಗ್ರಿಗೆ ನಿಲ್ಲಬೇಕು ಎಂದರೆ ಎರಡು ದಾರಿಗಳಿವೆ: ಜಾಯಿಂಟ್‌ಗೆ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಬರೆಯುವುದು, ಇಲ್ಲವೇ ಕಾಂಟ್ಯಾಕ್ಟ್ ಸೆಟ್ ಮೂಲಕ ಲೋಹಕ್ಕೆ ಲೋಹ ತಾಗಿದಾಗ ನಿಲ್ಲುವಂತೆ ಮಾಡುವುದು. ಎರಡನೆಯದು ನಿಜಕ್ಕೆ ಹತ್ತಿರ, ಆದರೆ ಪ್ರತಿ ಚಲನೆಗೂ ಮೇಲ್ಮೈಗಳು ತಾಗುತ್ತಿವೆಯೇ ಎಂದು ಲೆಕ್ಕ ಹಾಕಬೇಕಾಗುವುದರಿಂದ ಭಾಗಗಳು ಹೆಚ್ಚಾದಂತೆ ಯಂತ್ರ ತೆವಳತೊಡಗುತ್ತದೆ. ನಿಲ್ಲುವ ಕೋನ ಮೊದಲೇ ಗೊತ್ತಿದ್ದರೆ ಮಿತಿ ಬರೆಯಿರಿ; ನಿಲ್ಲುವ ಕೋನವನ್ನೇ ಕಂಡುಹಿಡಿಯಬೇಕಿದ್ದರೆ ಒಮ್ಮೆ ಕಾಂಟ್ಯಾಕ್ಟ್ ಹಾಕಿ, ಕೋನವನ್ನು ಅಳೆದುಕೊಂಡು, ಆಮೇಲೆ ಅದನ್ನು ಮಿತಿಯಾಗಿ ಬರೆದು ಕಾಂಟ್ಯಾಕ್ಟನ್ನು ತೆಗೆದುಬಿಡಿ. ಗೇರುಗಳಿಗೂ ಇದೇ ಮಾತು. 20 ಹಲ್ಲಿನ ಗೇರು 40 ಹಲ್ಲಿನದನ್ನು ತಿರುಗಿಸುವಾಗ 360 ಡಿಗ್ರಿಗೆ 180 ಎಂದು ಲಿಂಕ್ ಕೊಡುವುದು ಕ್ಷಣದ ಕೆಲಸ. ಹೊರಹಲ್ಲಿನ ಗೇರುಗಳು ಎದುರುಬದುರು ದಿಕ್ಕಿನಲ್ಲಿ ತಿರುಗುತ್ತವೆ ಎಂಬುದನ್ನೂ, ಲಿಂಕ್‌ಗೆ ಹಲ್ಲುಗಳ ಪರಿವೆಯೇ ಇಲ್ಲವೆಂಬುದನ್ನೂ ಮಾತ್ರ ಮರೆಯಬಾರದು. ಹಲ್ಲು ಹಲ್ಲಿನೊಳಗೆ ಹೊಕ್ಕಿದ್ದರೂ ಅದು ನಿಶ್ಚಿಂತೆಯಿಂದ ತಿರುಗಿಸುತ್ತದೆ.

ಜಾಯಿಂಟನ್ನು ಎಲ್ಲಿಗೆ ಕಟ್ಟುವುದು

ಬಗೆ ಸರಿಯಿದ್ದರೂ ಬಿಂದು ತಪ್ಪಿದರೆ ಜೋಡಣೆ ಬಾಳುವುದಿಲ್ಲ. ಫ್ಯೂಷನ್‌ನಲ್ಲಿ ರಂಧ್ರದ ಒಳಮೈ ಮೇಲೆ ಮೌಸನ್ನು ತಂದರೆ ಅಕ್ಷದ ಮೇಲೆ ಎರಡು ತುದಿಗಳಲ್ಲಿ ಮತ್ತು ನಡುವೆ ಬಿಂದುಗಳು ಮೂಡುತ್ತವೆ. ಬೇಕಾದ ಬಿಂದುವಿನ ಕಡೆಗೆ ಮೌಸ್ ಸರಿಸುವಷ್ಟರಲ್ಲಿ ಪಕ್ಕದ ಮುಖ ಆಯ್ಕೆಯಾಗಿ ಅವು ಮಾಯವಾಗುವುದು ಎಲ್ಲರ ಅನುಭವ. ಕಂಟ್ರೋಲ್ ಕೀಲಿಯನ್ನು, ಮ್ಯಾಕ್‌ನಲ್ಲಾದರೆ ಕಮಾಂಡ್ ಕೀಲಿಯನ್ನು, ಒತ್ತಿ ಹಿಡಿದರೆ ಆ ಮುಖ ಬಿಟ್ಟುಹೋಗದೆ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಮುಂದಿನ ಬದಲಾವಣೆಗಳದ್ದು. ರಂಧ್ರದ ದುಂಡನೆಯ ಅಂಚನ್ನು ಹಿಡಿದು ಜಾಯಿಂಟ್ ಹಾಕಿದ್ದೇವೆ. ವಾರ ಕಳೆದ ಮೇಲೆ ಹಿಂದಿನ ಹಂತಕ್ಕೆ ಹೋಗಿ ಆ ಅಂಚನ್ನು ಫಿಲೆಟ್ ಮಾಡಿ ನುಣುಪುಗೊಳಿಸುತ್ತೇವೆ. ಆ ಅಂಚು ಈಗ ಇಲ್ಲ, ಜಾಯಿಂಟ್ ಅನಾಥವಾಗುತ್ತದೆ. ಇದರಿಂದ ಪಾರಾಗಲು ಅಂಚಿನ ಬದಲು, ಭಾಗದೊಳಗೆ ಮೊದಲೇ ಒಂದು ನೆಲೆಯನ್ನು ಬರೆದಿಟ್ಟು ಅದಕ್ಕೆ ಕಟ್ಟಬಹುದು: ಫ್ಯೂಷನ್‌ನಲ್ಲಿ ಅದು ಜಾಯಿಂಟ್ ಒರಿಜಿನ್, ಆನ್‌ಶೇಪ್‌ನಲ್ಲಿ ಮೇಟ್ ಕನೆಕ್ಟರ್. ಸ್ಕೆಚ್‌ನ ಬಿಂದುವಿನ ಮೇಲೆ ನೆಟ್ಟ ಒರಿಜಿನ್ ಫಿಲೆಟ್‌ಗೆ ಜಗ್ಗುವುದಿಲ್ಲ. ಕೊರೆಯಲು ಏನೂ ಇಲ್ಲದ ಜಾಗದಲ್ಲಿ, ಉದಾಹರಣೆಗೆ ಎರಡು ಗೋಡೆಗಳ ನಟ್ಟನಡುವೆ, ಕೀಲು ಬೇಕಾದಾಗಲೂ ಎರಡು ಮುಖಗಳ ನಡುವಿನ ಒರಿಜಿನ್ ಉಪಯೋಗಕ್ಕೆ ಬರುತ್ತದೆ. ಗೋಡೆಗಳ ಅಂತರ ಬದಲಾದರೂ ಅದು ನಡುವಿನಲ್ಲೇ ಉಳಿಯುತ್ತದೆ. ಹತ್ತು ನಿಮಿಷದ ಪ್ರಯೋಗಕ್ಕೆ ಇಷ್ಟೆಲ್ಲ ಬೇಡ, ಅಂಚನ್ನೇ ಹಿಡಿಯಿರಿ. ವರ್ಷಗಟ್ಟಲೆ ತಿದ್ದುವ ವಿನ್ಯಾಸಕ್ಕೆ ಬೇಕು.

ತಂತ್ರಾಂಶದ ಆಯ್ಕೆ

ಜಾಯಿಂಟ್ ಪದ್ಧತಿಯೇ ಮುಖ್ಯವಾದವರಿಗೆ ಫ್ಯೂಷನ್ ಮತ್ತು ಆನ್‌ಶೇಪ್ ಹತ್ತಿರದವು. ಆನ್‌ಶೇಪ್ ಬ್ರೌಸರ್‌ನಲ್ಲೇ ನಡೆಯುವುದರಿಂದ ಏನನ್ನೂ ಅನುಸ್ಥಾಪಿಸಬೇಕಾಗಿಲ್ಲ. ಅದರಲ್ಲಿ ಜೋಡಣೆಗೆ ಪ್ರತ್ಯೇಕ ಟ್ಯಾಬ್ ಇರುತ್ತದೆ, ಭಾಗ ಬರೆಯುವ ಜಾಗವೂ ಜೋಡಿಸುವ ಜಾಗವೂ ಬೆರೆಯುವುದಿಲ್ಲ. ಕಲಿಯುವವರಿಗೆ ಈ ಬೇರ್ಪಡೆ ಮೊದಲು ಅಡ್ಡಿ ಎನಿಸಿದರೂ ಬಾಡಿ ಮತ್ತು ಕಾಂಪೊನೆಂಟ್‌ಗಳ ಗೊಂದಲವನ್ನು ಅದು ಬಹುಮಟ್ಟಿಗೆ ತಪ್ಪಿಸುತ್ತದೆ. 1995ರಿಂದ ಬಳಕೆಯಲ್ಲಿರುವ ಸಾಲಿಡ್‌ವರ್ಕ್ಸ್ ಮೇಟ್ ಪದ್ಧತಿಯ ಮನೆ. ನೂರಾರು ಭಾಗಗಳ, ಬಹುಪಾಲು ಅಲುಗದ ಜೋಡಣೆಗಳಲ್ಲಿ ಆ ಪದ್ಧತಿ ಪಳಗಿದೆ, ಪಟ್ಟಿಯಲ್ಲಿ ಭಾಗದ ಹೆಸರಿನ ಮುಂದೆ ಕಳೆಯುವ ಚಿಹ್ನೆ ಇದ್ದರೆ ಅದು ಇನ್ನೂ ಪೂರ್ತಿ ಬಿಗಿಯಾಗಿಲ್ಲ ಎಂದು ಒಂದೇ ನೋಟದಲ್ಲಿ ತಿಳಿಯುತ್ತದೆ. ಇನ್ವೆಂಟರ್‌ಗೆ 2014ರ ಆವೃತ್ತಿಯಲ್ಲಿ ಜಾಯಿಂಟ್ ಬಂದಿತು, ಕನ್‌ಸ್ಟ್ರೇಂಟ್ ಅದಕ್ಕೂ ಮೊದಲಿನಿಂದ ಇದ್ದೇ ಇತ್ತು. ಚಲಿಸುವ ಕಡೆ ಒಂದು, ಕೂರಿಸುವ ಕಡೆ ಇನ್ನೊಂದು ಎಂದು ಬೆರೆಸಿ ಬಳಸಬಯಸುವವರಿಗೆ ಅದು ಅನುಕೂಲ.

ಫ್ರೀಕ್ಯಾಡ್‌ನ ವಿಷಯ ಸ್ವಲ್ಪ ಬೇರೆ. 2024ರ ನವೆಂಬರ್‌ನಲ್ಲಿ 1.0 ಆವೃತ್ತಿ ಬರುವವರೆಗೆ ಅದರಲ್ಲಿ ಜೋಡಣೆಗೆ ಸ್ವಂತದ ವ್ಯವಸ್ಥೆ ಇರಲಿಲ್ಲ. ಎ2ಪ್ಲಸ್, ಅಸೆಂಬ್ಲಿ3, ಅಸೆಂಬ್ಲಿ4 ಎಂಬ ಸೇರ್ಪಡೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು, ಒಂದರಲ್ಲಿ ಮಾಡಿದ ಜೋಡಣೆ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಈಗ ಒಳಗೇ ಇರುವ ಅಸೆಂಬ್ಲಿ ವರ್ಕ್‌ಬೆಂಚ್ ಆಂಡ್ಸೆಲ್ ಸಾಲ್ವರ್ (ಸಮೀಕರಣಗಳನ್ನು ಬಿಡಿಸಿ ಭಾಗಗಳ ಸ್ಥಾನ ಕಂಡುಹಿಡಿಯುವ ಅಂಗ) ಆಧಾರದ ಮೇಲೆ ನಡೆಯುತ್ತದೆ, ಜಾಯಿಂಟ್‌ಗಳನ್ನೇ ಬಳಸುತ್ತದೆ, ಗೇರು ಮತ್ತು ಬೆಲ್ಟಿನ ಜಾಯಿಂಟ್‌ಗಳೂ ಇವೆ. ಹೊಸದಾಗಿ ಶುರುಮಾಡುವವರು ಹಳೆಯ ಸೇರ್ಪಡೆಗಳ ಪಾಠಗಳನ್ನು ಬಿಟ್ಟು ಇದನ್ನೇ ಹಿಡಿಯುವುದು ಸರಿ. ಅಸೆಂಬ್ಲಿ4ರ ಬಗ್ಗೆ ಮಾತ್ರ ನನಗೆ ಈಗಲೂ ಗೌರವವಿದೆ: ಅದರಲ್ಲಿ ಸಾಲ್ವರ್ ಎಂಬುದೇ ಇಲ್ಲ, ಪ್ರತಿ ಭಾಗದ ಅಕ್ಷವ್ಯೂಹವನ್ನು ಇನ್ನೊಂದರ ಅಕ್ಷವ್ಯೂಹಕ್ಕೆ ನೇರವಾಗಿ ಕೂರಿಸಲಾಗುತ್ತದೆ. ಎಳೆದು ಅಲುಗಾಡಿಸಲು ಬಾರದು, ಆದರೆ ಬಿಡಿಸಲಾಗದ ಸಮೀಕರಣವೆಂಬ ತಲೆನೋವೂ ಇಲ್ಲ.

ಆಯ್ಕೆಗೆ ಮುನ್ನ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸ್ಟೆಪ್ ಎಂಬ, ಎಲ್ಲ ತಂತ್ರಾಂಶಗಳಿಗೂ ಸಾಮಾನ್ಯವಾದ ಬಗೆಯ ಕಡತದ ಮೂಲಕ ಜೋಡಣೆಯನ್ನು ಸಾಗಿಸಿದಾಗ ಸಾಮಾನ್ಯವಾಗಿ ಭಾಗಗಳ ಆಕಾರ, ಹೆಸರು, ಇದ್ದ ಸ್ಥಾನ ಇವು ಬರುತ್ತವೆ. ಜಾಯಿಂಟ್, ಮೇಟ್, ಮಿತಿ, ಲಿಂಕ್ ಯಾವುವೂ ಬರುವುದಿಲ್ಲ. ಆಚೆ ತಲುಪುವುದು ಎಲ್ಲವೂ ತಂತಮ್ಮ ಜಾಗದಲ್ಲಿದ್ದು ಒಂದಕ್ಕೊಂದು ಸಂಬಂಧವೇ ಇಲ್ಲದ ಗುಂಪು. ಅಂಥ ಕಡತ ಕೈಗೆ ಬಂದರೆ, ಒಂದು ಭಾಗವನ್ನೂ ಅಲುಗಿಸುವ ಮೊದಲು, ನೆಲೆಯ ಭಾಗವನ್ನು ಗ್ರೌಂಡ್ ಮಾಡಿ, ಅಲುಗದವನ್ನು ರಿಜಿಡ್ ಗ್ರೂಪ್‌ಗೆ ಸೇರಿಸಿ, ಅಲುಗುವವಕ್ಕೆ ಆ್ಯಸ್-ಬಿಲ್ಟ್ ಜಾಯಿಂಟ್ ಹಾಕಿಕೊಳ್ಳಬೇಕು. ಕಳುಹಿಸುವವರು ನೀವಾಗಿದ್ದರೆ, ಯಾವ ಎರಡು ಭಾಗಗಳ ನಡುವೆ ಯಾವ ಬಗೆಯ ಜಾಯಿಂಟ್ ಇದೆ, ಎಷ್ಟರಿಂದ ಎಷ್ಟರವರೆಗೆ ಚಲಿಸುತ್ತದೆ ಎಂದು ಅರ್ಧ ಪುಟದಲ್ಲಿ ಬರೆದು ಕಡತದ ಜೊತೆಗಿಡಿ.